1889ರ ಜರ್ಮನಿ: ಕೊಟ್ಟದ್ದೇನು, ಕೇಳಿದ್ದೇನು?



ಮುಪ್ಪಿನ ಕಾಲದ ವೇತನದ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು ಜರ್ಮನಿಯ ಹೆಸರು ತೆಗೆಯುತ್ತಾರೆ. ದುಡಿದು ಸವೆದವರಿಗೆ ಕೈಲಾಗದ ಕಾಲಕ್ಕೆ ಹಣ ಸಿಗಬೇಕೆಂದು ಇಡೀ ದೇಶಕ್ಕೆ ಅನ್ವಯಿಸುವ ವಿಮಾ ಕಾನೂನನ್ನು ಮೊದಲು ಮಾಡಿದ್ದು ಅಲ್ಲಿ, 1889ರಲ್ಲಿ. ಮಾಡಿಸಿದವನು ಚಾನ್ಸೆಲರ್ ಬಿಸ್ಮಾರ್ಕ್. ಇಷ್ಟು ನಿಜ. ಆದರೆ ಇದರ ಬಾಲಕ್ಕೆ ಇನ್ನೊಂದು ಮಾತನ್ನು ಕಟ್ಟುವವರಿದ್ದಾರೆ. ಅಲ್ಲಿ ಸಂಘವೂ ಬೇಕಾಗಲಿಲ್ಲ, ಮುಷ್ಕರವೂ ಬೇಕಾಗಲಿಲ್ಲ, ಮೇಲಿನವರಿಗೆ ಮನಸ್ಸು ಬಂತು, ಕೊಟ್ಟರು. ನೀವೂ ಸುಮ್ಮನೆ ಕೆಲಸ ಮಾಡಿಕೊಂಡಿರಿ, ಕಾಲ ಬಂದಾಗ ಬರುತ್ತದೆ ಎನ್ನುತ್ತಾರೆ. ಈ ಎರಡನೆಯ ಮಾತನ್ನು ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲವೆಂಬುದನ್ನು ಆ ಒಂದೇ ವರ್ಷದ ಕಥೆಯಿಂದ ತೋರಿಸಬಹುದು.

1889ರ ಮೇ ತಿಂಗಳಲ್ಲಿ ಬರ್ಲಿನ್ ನಗರದಲ್ಲಿ ಎರಡು ಸಂಗತಿಗಳು ನಡೆದವು. ಮೇ 14ರಂದು ಮೂವರು ಕಲ್ಲಿದ್ದಲು ಗಣಿಯಾಳುಗಳು ಚಕ್ರವರ್ತಿಯ ಮುಂದೆ ನಿಂತರು. ಮೇ 24ರಂದು ಅಲ್ಲಿನ ಸಂಸತ್ತು ವೃದ್ಧಾಪ್ಯ ಮತ್ತು ಅಶಕ್ತತೆಯ ವಿಮಾ ಮಸೂದೆಗೆ ಒಪ್ಪಿಗೆ ಕೊಟ್ಟಿತು. ನಡುವೆ ಹತ್ತೇ ದಿನ. ಎರಡನೆಯದನ್ನು ಶಾಲೆಯ ಪುಸ್ತಕಗಳು ಹೇಳುತ್ತವೆ. ಮೊದಲನೆಯದನ್ನು ಹೇಳುವವರು ಕಡಿಮೆ. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಮಾತ್ರ ಆ ವರ್ಷದ ಅರ್ಥ ತಿಳಿಯುತ್ತದೆ.

ಗಣಿಯವರ ಕಷ್ಟ

ಜರ್ಮನಿಯ ಪಶ್ಚಿಮದಲ್ಲಿ ರೂರ್ ಎಂಬ ನದಿಯ ಸೀಮೆ ಇದೆ. ಎಸ್ಸೆನ್, ಬೋಖುಮ್, ಗೆಲ್ಸೆನ್‌ಕಿರ್ಷೆನ್, ಡಾರ್ಟ್‌ಮುಂಡ್ ಊರುಗಳ ನೆಲದಡಿಯಲ್ಲೆಲ್ಲ ಕಲ್ಲಿದ್ದಲು. ಆ ಕಾಲಕ್ಕೆ ದೇಶದ ರೈಲು, ಉಕ್ಕಿನ ಕಾರ್ಖಾನೆ ಎಲ್ಲವೂ ಅದನ್ನೇ ನಂಬಿದ್ದವು. ಅಗೆಯುವವರಲ್ಲಿ ಹಲವರು ತಲೆತಲಾಂತರದಿಂದ ಅಲ್ಲಿಯವರು. ಇನ್ನು ಹಲವರು ದೂರದ ಪೂರ್ವ ಪ್ರಾಂತಗಳಿಂದ ಹೊಟ್ಟೆಪಾಡಿಗೆ ಬಂದವರು. ಅವರಲ್ಲಿ ಬಹಳ ಮಂದಿಯ ಮನೆಮಾತು ಪೋಲಿಷ್. ಮಾತು ಬೇರೆ, ಸಭೆ ಬೇರೆ, ಕೆಲಸ ಒಂದೇ. ಇದು ಎಂಥ ಬದುಕೆಂದು ಎಸ್ಟೇಟಿನ ಲೈನು ಮನೆಗಳಲ್ಲಿ ಇರುವವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಕಷ್ಟಗಳು ಮುಖ್ಯವಾಗಿ ಮೂರು. ಒಂದನೆಯದು ಹೊತ್ತು. ಹಿಂದೆ ಗಣಿಗಳನ್ನು ಸರಕಾರದ ಅಧಿಕಾರಿಗಳೇ ನಡೆಸುತ್ತಿದ್ದ ಕಾಲದಲ್ಲಿ ಎಂಟು ಗಂಟೆಯ ಪಾಳಿ ರೂಢಿಯಲ್ಲಿತ್ತು. 1865ರ ಗಣಿ ಕಾನೂನು ಬಂದ ಮೇಲೆ ಎಲ್ಲವೂ ಮಾಲೀಕನಿಗೂ ಆಳಿಗೂ ನಡುವಿನ ಕರಾರಿಗೆ ಬಿಟ್ಟುಹೋಯಿತು. ಹೆಸರಿಗೆ ಎಂಟು ಗಂಟೆ ಇದ್ದರೂ ಗಣಿಯೊಳಕ್ಕೆ ಇಳಿಯುವ, ಹತ್ತುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದರ ಮೇಲೆ ಬಲವಂತದ ಹೆಚ್ಚುವರಿ ಪಾಳಿ ಬೇರೆ.

ಎರಡನೆಯದು ಕೂಲಿ. ಕಲ್ಲಿದ್ದಲಿನ ಬೆಲೆ ಏರಿತು, ಮಾಲೀಕರ ಲಾಭ ಏರಿತು, ಕೂಲಿ ಮಾತ್ರ ಅದಕ್ಕೆ ತಕ್ಕಂತೆ ಏರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಮನಸ್ಸು ಸುಡುವಂಥದು. ಅಗೆದ ಕಲ್ಲಿದ್ದಲನ್ನು ತಳ್ಳುಬಂಡಿಗಳಲ್ಲಿ ತುಂಬಿ ಮೇಲಕ್ಕೆ ಕಳುಹಿಸಬೇಕು. ಬಂಡಿಯ ಲೆಕ್ಕದ ಮೇಲೆ ಕೂಲಿ. ಮೇಲೆ ನಿಂತ ಮೇಲ್ವಿಚಾರಕನು ಬಂಡಿ ಪೂರಾ ತುಂಬಿಲ್ಲ ಅಥವಾ ಕಲ್ಲು ಬೆರೆತಿದೆ ಎಂದರೆ ಮುಗಿಯಿತು, ಆ ಇಡೀ ಬಂಡಿಗೆ ಸೊನ್ನೆ. ಕೂಲಿ ಇಲ್ಲ. ಆದರೆ ಸೊನ್ನೆ ಹಾಕಿದ ಬಂಡಿಯ ಕಲ್ಲಿದ್ದಲು ಗಣಿಯವರ ಪಾಲಿಗೇ ಹೋಗುತ್ತಿತ್ತು. ಬೆವರು ಸುರಿಸಿದವನು ನೆಲದಡಿಯಲ್ಲಿ, ತೀರ್ಪು ಹೇಳುವವನು ನೆಲದ ಮೇಲೆ, ಕೇಳುವವರಿಲ್ಲ. ಎಲೆಯ ತೂಕದ ಮುಂದೆ ಚೀಲ ಹಿಡಿದು ನಿಂತು, ಕಡಿತ ಎಷ್ಟು ಹಾಕುತ್ತಾರೋ ಎಂದು ಮುಳ್ಳಿನ ಕಡೆಗೂ ರೈಟರ ಮುಖದ ಕಡೆಗೂ ನೋಡಿದ ಹೆಣ್ಣುಮಕ್ಕಳಿಗೆ ಈ ಸೊನ್ನೆಯ ಭಾರ ಗೊತ್ತಾಗುತ್ತದೆ.

ಮೂವರು ಬರ್ಲಿನ್ನಿಗೆ ಹೋದರು

ಮೇ ತಿಂಗಳ ಮೊದಲ ದಿನಗಳಲ್ಲಿ ಕೆಲಸ ನಿಲ್ಲಿಸಿದವರಲ್ಲಿ ಮುಂದಾದವರು ಹರೆಯದ ಹುಡುಗರು, ಬಂಡಿ ತಳ್ಳುವವರು, ಗಣಿಯೊಳಗೆ ಕುದುರೆ ನಡೆಸುವವರು. ಕೆಲವೇ ದಿನಗಳಲ್ಲಿ ಸುಮಾರು 90,000 ಮಂದಿ ಹೊರಗೆ ಬಂದರು. ಅವರಿಗೆ ಸೀಮೆಗೆಲ್ಲ ಸೇರಿದ ಒಂದು ಸಂಘ ಇರಲಿಲ್ಲ, ಮುಷ್ಕರದ ನಿಧಿ ಇರಲಿಲ್ಲ. ಗಣಿಗಣಿಗೂ ಜನ ಸೇರಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಸರಕಾರ ಸೈನ್ಯವನ್ನು ಕಳುಹಿಸಿತು. ಗುಂಡು ಹಾರಿತು, ಕೆಲವರು ಪ್ರಾಣ ಬಿಟ್ಟರು. ಮುಷ್ಕರ ಸಾರ್ ಸೀಮೆಗೆ, ಸೈಲೀಸಿಯಕ್ಕೆ, ಸ್ಯಾಕ್ಸನಿಗೆ ಹಬ್ಬಿತು.

ಆಗ ಲುಡ್ವಿಗ್ ಶ್ರೋಡರ್, ಫ್ರಿಟ್ಜ್ ಬುಂಟೆ, ಆಗಸ್ಟ್ ಸೀಗೆಲ್ ಎಂಬ ಮೂವರು ಗಣಿಯಾಳುಗಳನ್ನು ಚಕ್ರವರ್ತಿಯ ಬಳಿಗೆ ಕಳುಹಿಸಿದರು. ಎರಡನೆಯ ವಿಲ್ಹೆಲ್ಮನು ಪಟ್ಟಕ್ಕೆ ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ, ವಯಸ್ಸು 30. ಮೂವರೂ ಹೊಸದೇನನ್ನೂ ಕೇಳಲಿಲ್ಲ. ನಮ್ಮ ಹಿರಿಯರಿಗೆ ಇದ್ದ ಎಂಟು ಗಂಟೆಯ ಪಾಳಿಯನ್ನು ನಮಗೆ ಹಿಂದಕ್ಕೆ ಕೊಡಿಸಬೇಕು ಎಂಬುದು ಅವರ ಮುಖ್ಯ ಬಿನ್ನಹ. ಚಕ್ರವರ್ತಿ ಕೆಲವು ನಿಮಿಷ ಕೇಳಿದನು. ವಿಚಾರಣೆ ಮಾಡಿಸುತ್ತೇನೆ ಎಂದನು. ಅದರ ಜೊತೆಗೇ, ಸಮಾಜವಾದಿಗಳ ಕೈ ಇದರಲ್ಲಿ ಕಂಡರೆ ದಾಕ್ಷಿಣ್ಯವಿಲ್ಲದೆ ಶಿಕ್ಷಿಸುತ್ತೇನೆ ಎಂದು ಗದರಿಸಿಯೂ ಕಳುಹಿಸಿದನು. ಎರಡು ದಿನಗಳ ಮೇಲೆ ಮಾಲೀಕರ ಪ್ರತಿನಿಧಿಗಳನ್ನೂ ಕರೆಸಿಕೊಂಡು, ಆಳುಗಳ ಮಾತಿಗೆ ಕಿವಿಗೊಡಿ ಎಂದು ಅವರಿಗೂ ಬುದ್ಧಿ ಹೇಳಿದನು.

ಇಲ್ಲಿ ಬಿಸ್ಮಾರ್ಕನ ನಿಲುವನ್ನು ಗಮನಿಸಬೇಕು. ಮುಪ್ಪಿನ ವಿಮೆಯ ಮಸೂದೆಯನ್ನು ಸಂಸತ್ತಿನಲ್ಲಿ ನಡೆಸುತ್ತಿದ್ದವನು ಅವನೇ. ಆದರೆ ಮುಷ್ಕರದ ವಿಷಯ ಮಂತ್ರಿಗಳ ಸಭೆಗೆ ಬಂದಾಗ, ಸರಕಾರ ಅವಸರಪಟ್ಟು ನಡುವೆ ಹೋಗಬೇಕಾಗಿಲ್ಲ, ಅದು ಇನ್ನಷ್ಟು ಉರಿಯಲಿ, ಮಧ್ಯಮ ವರ್ಗದವರು ಅದರ ಬಿಸಿಯನ್ನು ಕಾಣಲಿ ಎಂಬುದು ಅವನ ಅಭಿಪ್ರಾಯವಾಗಿತ್ತು. ಮುದುಕನಾದ ಆಳಿಗೆ ಹಣ ಕೊಡಿಸಲು ಒಪ್ಪಿದ ಮನುಷ್ಯನಿಗೆ, ದುಡಿಯುವ ಪ್ರಾಯದ ಆಳು ತನ್ನ ಕೂಲಿಯ ಬಗ್ಗೆ ಬಾಯಿ ತೆರೆಯುವುದು ಬೇಡವಾಗಿತ್ತು.

ಮೂವರು ಪ್ರತಿನಿಧಿಗಳು ಬರ್ಲಿನ್ನಿನಲ್ಲಿಯೇ ಮಾಲೀಕರ ಕಡೆಯ ಮುಖಂಡ ಹಮ್ಮಾಖರ್ ಎಂಬವರ ಸಂಗಡ ಕುಳಿತು ಒಂದು ಒಪ್ಪಂದ ಬರೆದರು. ಎಂಟು ಗಂಟೆಯ ಪಾಳಿ. ಇಳಿಯುವುದಕ್ಕೂ ಹತ್ತುವುದಕ್ಕೂ ಮಿತಿ. ಹೆಚ್ಚುವರಿ ಪಾಳಿ ಬೇಕಾದರೆ ಆಳುಗಳು ಆರಿಸಿದ ಪ್ರತಿನಿಧಿಗಳ ಒಪ್ಪಿಗೆ. ಮುಷ್ಕರ ಮಾಡಿದವರ ಮೇಲೆ ಹಗೆ ಸಾಧಿಸಬಾರದು. ಆದರೆ ಆ ಕಾಗದ ರೂರ್ ಸೀಮೆಗೆ ಬಂದಾಗ ಮಾಲೀಕರ ಸಂಘ ಕೆಲವನ್ನು ಒಪ್ಪಿ, ಆರಿಸಿ ಬಂದ ಪ್ರತಿನಿಧಿಗಳ ಮಾತನ್ನು ಬಿಟ್ಟುಬಿಟ್ಟಿತು. ಕೂಲಿಯಲ್ಲಿ ನಾಲ್ಕು ಕಾಸು ಹೆಚ್ಚಿಸಬಹುದು, ಎದುರು ಕುರ್ಚಿಯಲ್ಲಿ ಕೂರಿಸಿ ಮಾತಾಡುವುದು ಮಾತ್ರ ಆಗದು! ಮೇ ಕೊನೆಯ ಹೊತ್ತಿಗೆ ಬೋಖುಮ್ ಊರಿನ ಮುಷ್ಕರ ಸಮಿತಿಯವರನ್ನು ಹಿಡಿದು ಸೆರೆಯಲ್ಲಿಟ್ಟರು. ಜನ ಒಬ್ಬೊಬ್ಬರಾಗಿ ಗಣಿಗೆ ಇಳಿದರು. ಕೂಲಿ ಸ್ವಲ್ಪ ಏರಿತು. ಬಂಡಿಗೆ ಸೊನ್ನೆ ಹಾಕುವುದು ನಿಲ್ಲಲಿಲ್ಲ.

ಸಂಸತ್ತು ಕೊಟ್ಟದ್ದು

ಇದೇ ದಿನಗಳಲ್ಲಿ ಸಂಸತ್ತಿನಲ್ಲಿ ವಿಮಾ ಮಸೂದೆಯ ಕೊನೆಯ ಚರ್ಚೆ ನಡೆಯುತ್ತಿತ್ತು. ಅದು ಸುಲಭವಾಗಿ ಹಾದುಹೋಗಲಿಲ್ಲ. ಪರವಾಗಿ 185 ಮತ, ವಿರೋಧವಾಗಿ 165. ಕಥೋಲಿಕರ ಕೇಂದ್ರ ಪಕ್ಷದಲ್ಲಿ ಹೆಚ್ಚಿನವರು ವಿರೋಧಿಸಿದರು, ಕೆಲವರು ತಮ್ಮವರಿಂದ ಬೇರೆಯಾಗಿ ಪರವಾಗಿ ನಿಂತರು. ಸಮಾಜವಾದಿ ಸದಸ್ಯರು, ಕೊಡುವುದು ತೀರ ಅಲ್ಪವೆಂದು ವಿರೋಧಿಸಿದರು. ಕಾನೂನಿಗೆ ಜೂನ್ 22ರಂದು ಸಹಿ ಬಿತ್ತು. ಜಾರಿಗೆ ಬಂದದ್ದು 1891ರ ಜನವರಿ 1ರಿಂದ.

ಅದು ಕೊಟ್ಟದ್ದೇನೆಂದು ನ್ಯಾಯವಾಗಿ ನೋಡೋಣ. ಕಾರ್ಖಾನೆಯವರು ಮಾತ್ರವಲ್ಲ, ಹೊಲದ ಕೂಲಿಗಳು, ಮನೆಗೆಲಸದ ಹೆಣ್ಣಾಳುಗಳು ಕೂಡ ಅದರೊಳಗೆ ಸೇರಿದರು. ಒಂದು ಕೋಟಿಗೂ ಮಿಕ್ಕಿದ ಜನ. ವಾರಕ್ಕೊಂದು ಚಂದಾ; ಅದರಲ್ಲಿ ಅರ್ಧ ಆಳಿನದು, ಅರ್ಧ ಯಜಮಾನನದು. ವರ್ಷದ ಗಳಿಕೆಯ ಮೇಲೆ ನಾಲ್ಕು ತರಗತಿ ಮಾಡಿ, ವಾರಕ್ಕೆ 14, 20, 24, 30 ಫೆನಿಗ್ ಎಂದು ಗೊತ್ತುಮಾಡಿದರು. ನೂರು ಫೆನಿಗ್ ಸೇರಿದರೆ ಒಂದು ಮಾರ್ಕ್. ಪಿಂಚಣಿ ಪಡೆಯುವ ಪ್ರತಿಯೊಬ್ಬನಿಗೂ ವರ್ಷಕ್ಕೆ 50 ಮಾರ್ಕನ್ನು ಸರಕಾರ ತನ್ನ ಬೊಕ್ಕಸದಿಂದ ಸೇರಿಸಿತು.

ಈ ಚಂದಾ ಕಟ್ಟುವ ಬಗೆಯಲ್ಲಿ ನಮಗೆ ಬಹಳ ಹಿಡಿಸಿದ ಒಂದು ವಿಷಯವಿದೆ. ಪ್ರತಿಯೊಬ್ಬ ಆಳಿಗೂ ಅವನ ಹೆಸರಿನ ಒಂದು ಕಾರ್ಡು. ಕೂಲಿ ಬಟವಾಡೆಯ ದಿನ ಯಜಮಾನನು ಅಂಚೆಚೀಟಿಯಂಥ ಒಂದು ಚೀಟಿಯನ್ನು ಅದರ ಮೇಲೆ ಅಂಟಿಸಬೇಕು. ಜನ ಇದಕ್ಕೆ ನಗುತ್ತ ಅಂಟಿಸುವ ಕಾನೂನು ಎಂದೇ ಹೆಸರಿಟ್ಟರು. ನಗಲಿ, ಆದರೆ ಓದುಬರಹ ಕಡಿಮೆ ಇದ್ದವನು ಕೂಡ ತನ್ನ ಕಾರ್ಡಿನ ಮೇಲೆ ಬೆರಳಿಟ್ಟು, ಈ ವಾರದ್ದು ಬಿದ್ದಿದೆ, ಹೋದ ವಾರದ್ದು ಬಿದ್ದಿಲ್ಲ ಎಂದು ಎಣಿಸಬಹುದಾಗಿತ್ತು. ಆ ಕಾರ್ಡಿನ ಮೇಲೆ ಆಳಿನ ನಡತೆಯ ಬಗ್ಗೆಯಾಗಲಿ, ಕೆಲಸದ ಬಗ್ಗೆಯಾಗಲಿ ಯಜಮಾನನು ಒಂದು ಅಕ್ಷರವನ್ನೂ ಬರೆಯಕೂಡದೆಂದು ಕಾನೂನೇ ತಡೆದಿತ್ತು. ಆಳಿನ ಇಷ್ಟಕ್ಕೆ ವಿರೋಧವಾಗಿ ಅದನ್ನು ಹಿಡಿದಿಟ್ಟುಕೊಳ್ಳಕೂಡದೆಂದೂ ಹೇಳಿತ್ತು. ಯಾಕೆಂದರೆ ಇಂಥ ಕಾರ್ಡು ಮುಂದೆ ಮುಷ್ಕರಗಾರರನ್ನು ಗುರುತಿಸುವ ಕಪ್ಪು ಪಟ್ಟಿಯಾದೀತೆಂಬ ಭಯ ಆಳುಗಳಲ್ಲಿ ಬಲವಾಗಿತ್ತು. ಆ ಭಯವನ್ನು ಅವರು ಎತ್ತಿ ಹೇಳದಿದ್ದರೆ ಆ ರಕ್ಷಣೆ ಅಲ್ಲಿ ಸೇರುತ್ತಿತ್ತೇ?

ಇನ್ನು ಕೊರತೆಗಳು. ಮುಪ್ಪಿನ ವೇತನ 70 ವರ್ಷ ತುಂಬಿದ ಮೇಲೆ. ಆ ಕಾಲದ ಜರ್ಮನಿಯಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 40ರ ಆಸುಪಾಸು. ಎಳೆಯ ಮಕ್ಕಳು ಬಹಳವಾಗಿ ಸಾಯುತ್ತಿದ್ದುದರಿಂದ ಲೆಕ್ಕ ಅಷ್ಟು ತಗ್ಗಿತ್ತೆಂಬುದು ಸರಿ. ಆದರೂ ಗಣಿಯಲ್ಲೋ ನೂಲಿನ ಗಿರಣಿಯಲ್ಲೋ ದುಡಿದವನು 70ನ್ನು ಕಾಣುವುದು ಅಪರೂಪ. ಕಂಡರೂ 30 ವರ್ಷಗಳ ಚಂದಾ ಬೇಕು. ಆಗಲೇ ವಯಸ್ಸಾಗಿದ್ದವರಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಅಷ್ಟೆಲ್ಲ ಆದ ಮೇಲೆ ಕೈಗೆ ಬರುವುದು ಕೆಳಗಿನ ತರಗತಿಯವನಿಗೆ ವರ್ಷಕ್ಕೆ 106 ಮಾರ್ಕ್ 40 ಫೆನಿಗ್, ಮೇಲಿನ ತರಗತಿಯವನಿಗೆ 191 ಮಾರ್ಕ್. ವರ್ಷಕ್ಕೆ 500 ಮಾರ್ಕ್ ಗಳಿಸುತ್ತಿದ್ದ ಎರಡನೆಯ ತರಗತಿಯವನಿಗೆ ಸಿಗುತ್ತಿದ್ದದ್ದು 134 ಮಾರ್ಕ್ 60 ಫೆನಿಗ್, ಅಂದರೆ ಗಳಿಕೆಯ ನಾಲ್ಕರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಅದರಿಂದ ಒಂದು ಸಂಸಾರ ನಡೆಯದು; ಮಗನ ಮನೆಯ ಮೂಲೆಯಲ್ಲಿ ಕೂತವನ ಕೈಗೆ ನಾಲ್ಕು ಕಾಸು ಇರುವಂತೆ ಆಗುತ್ತಿತ್ತು. ಅದನ್ನೂ ನಾವು ಹಗುರವಾಗಿ ಕಾಣುವುದಿಲ್ಲ. ಕಾಸಿಲ್ಲದ ಮುದುಕನಿಗೂ ಕಾಸಿರುವ ಮುದುಕನಿಗೂ ಸೊಸೆಯ ಮನೆಯಲ್ಲಿ ಸಿಗುವ ಗಂಜಿಯ ಬಿಸಿ ಬೇರೆ ಎಂಬುದು ಎಲ್ಲರೂ ಬಲ್ಲ ಮಾತು.

ನಿಜವಾಗಿ ಹೆಚ್ಚು ಜನರಿಗೆ ಆಸರೆಯಾದದ್ದು ಅದೇ ಕಾನೂನಿನ ಇನ್ನೊಂದು ಭಾಗ: ವಯಸ್ಸು ಎಷ್ಟೇ ಇರಲಿ, ದುಡಿಯುವ ಶಕ್ತಿಯನ್ನು ಕಳಕೊಂಡವನಿಗೆ, ಐದು ವರ್ಷ ಚಂದಾ ಕಟ್ಟಿದ್ದರೆ ಅಶಕ್ತತೆಯ ವೇತನ. ಮೈ ಮುರಿದುಹೋದವನು 70ರವರೆಗೆ ಕಾಯಬೇಕಾಗಿರಲಿಲ್ಲ.

ಹೆಂಗಸರ ಪಾಲಿಗೆ ಈ ಕಾನೂನು ಕಠಿಣವಾಗಿತ್ತು. ಗಂಡ ಸತ್ತರೆ ಹೆಂಡತಿಗೆ ಪಿಂಚಣಿ ಇಲ್ಲ. ಅವನು ಪಿಂಚಣಿ ಕಾಣುವ ಮೊದಲೇ ತೀರಿಕೊಂಡಿದ್ದರೆ, ಕಟ್ಟಿದ ಚಂದಾದಲ್ಲಿ ಅರ್ಧ ಹಿಂದಕ್ಕೆ, ಅಷ್ಟೇ. ದುಡಿಯುತ್ತಿದ್ದ ಹುಡುಗಿ ಮದುವೆಯಾದರೆ ಅವಳೂ ಹಾಗೆಯೇ ಅರ್ಧವನ್ನು ಹಿಂದಕ್ಕೆ ಪಡೆಯಬಹುದಿತ್ತು. ಪಡೆದರೆ ಅವಳ ಹಕ್ಕು ಅಲ್ಲಿಗೆ ಮುಗಿಯಿತು. ಮದುವೆಯ ಖರ್ಚಿನ ಹೊತ್ತಿನಲ್ಲಿ ಕೈಗೆ ಬರುವ ಹಣವನ್ನು ಬೇಡವೆನ್ನುವವರು ಯಾರು? ಹೀಗೆ ಮುಪ್ಪಿನ ಅನ್ನವನ್ನು ಮದುವೆಯ ಊಟಕ್ಕೆ ಬಡಿಸಿಬಿಟ್ಟವರು ಬಹಳ. ವಿಧವೆಗೆ ಪಿಂಚಣಿ ಎಂಬುದು ಕಾನೂನಿನಲ್ಲಿ ಬಂದದ್ದು 1911ರಲ್ಲಿ, ಅದೂ ಆಕೆ ತಾನೇ ದುಡಿಯಲಾರದ ಸ್ಥಿತಿಯಲ್ಲಿದ್ದರೆ ಮಾತ್ರ. 70 ವರ್ಷದ ಮಿತಿ 65ಕ್ಕೆ ಇಳಿದದ್ದು 1916ರಲ್ಲಿ.

ದಯೆಯೋ, ಭಯವೋ?

ಹಾಗಾದರೆ ಬಿಸ್ಮಾರ್ಕ್ ಯಾಕೆ ಕೊಟ್ಟನು? 1878ರಲ್ಲಿ ಅವನು ಸಮಾಜವಾದಿಗಳ ಸಭೆ, ಸಂಘ, ಪತ್ರಿಕೆಗಳನ್ನು ಮುಚ್ಚಿಸುವ ಕಾನೂನು ತಂದಿದ್ದನು. ಆದರೂ ಅವರಿಗೆ ಬೀಳುವ ಮತ ಹೆಚ್ಚುತ್ತಲೇ ಹೋಯಿತು. ಹೊಡೆತದಿಂದ ಆಗದ್ದನ್ನು ಹಿಟ್ಟಿನಿಂದ ಮಾಡೋಣವೆಂದು 1883ರಲ್ಲಿ ಕಾಯಿಲೆಯ ವಿಮೆ, 1884ರಲ್ಲಿ ಅಪಘಾತದ ವಿಮೆ, 1889ರಲ್ಲಿ ಮುಪ್ಪಿನ ವಿಮೆ. ಪಿಂಚಣಿಯ ಆಸೆ ಇರುವವನು ಸರಕಾರಕ್ಕೆ ಅಂಟಿಕೊಳ್ಳುತ್ತಾನೆ ಎಂಬುದು ಅವನ ಲೆಕ್ಕ. ಇದನ್ನು ಅವನು ಮುಚ್ಚಿಡಲೂ ಇಲ್ಲ. ಅಂದರೆ ಯಾರೂ ಕೇಳದೆ ಬಂದ ದಾನ ಇದಲ್ಲ. ಕೇಳುವವರ ದನಿಗೆ ಹೆದರಿ, ಆ ದನಿಯನ್ನು ತಗ್ಗಿಸಲು ಕೊಟ್ಟ ಬೆಲೆ ಇದು.

ಲೆಕ್ಕ ತಪ್ಪಿತು. 1890ರ ಜನವರಿಯಲ್ಲಿ ಸಮಾಜವಾದಿಗಳ ಮೇಲಿನ ಕಾನೂನನ್ನು ಮುಂದುವರಿಸಲು ಸಂಸತ್ತು ಒಪ್ಪಲಿಲ್ಲ. ಫೆಬ್ರುವರಿಯ ಚುನಾವಣೆಯಲ್ಲಿ ಎಲ್ಲ ಪಕ್ಷಗಳಿಗಿಂತ ಹೆಚ್ಚು ಮತ ಬಿದ್ದದ್ದು ಅವರಿಗೇ, 14 ಲಕ್ಷಕ್ಕೂ ಮೇಲೆ. ಮಾರ್ಚ್ 20ರಂದು ಬಿಸ್ಮಾರ್ಕ್ ಅಧಿಕಾರ ಬಿಡಬೇಕಾಯಿತು. ಆಳುಗಳು ಚೀಟಿಯನ್ನು ತಕ್ಕೊಂಡರು, ಬಾಯನ್ನು ಮಾತ್ರ ಮುಚ್ಚಿಕೊಳ್ಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದೇ ಸರಿಯಾದ ದಾರಿ. ಕೊಟ್ಟದ್ದನ್ನು ಬೇಡವೆನ್ನುವುದು ಜಾಣತನವಲ್ಲ. ಕೊಟ್ಟರೆಂದು ಉಳಿದದ್ದನ್ನು ಕೇಳದಿರುವುದೂ ಜಾಣತನವಲ್ಲ.

ಕಾಯಿಲೆಯ ನಿಧಿಗಳಲ್ಲಿ ಅವರು ಇನ್ನೊಂದು ಪಾಠವನ್ನೂ ಕಲಿತರು. ಆ ನಿಧಿಗೆ ಆಳುಗಳ ಚಂದಾ ಮೂರರಲ್ಲಿ ಎರಡು ಪಾಲು; ಆದುದರಿಂದ ಊರಿನ ನಿಧಿಗಳ ಆಡಳಿತದಲ್ಲಿಯೂ ಮೂರರಲ್ಲಿ ಎರಡು ಸ್ಥಾನ ಅವರದ್ದು. ಲೆಕ್ಕ ಓದುವುದು, ಸಭೆ ನಡೆಸುವುದು, ನಡಾವಳಿ ಬರೆಯುವುದು ಇವನ್ನೆಲ್ಲ ಸಾವಿರಾರು ಆಳುಗಳು ಅಲ್ಲಿಯೇ ಕಲಿತರು.

ಬೇರೆಯಾದರು, ಮತ್ತೆ ಸೇರಿದರು

ಮುಷ್ಕರ ಮುರಿದ ಮೇಲೆ ಗಣಿಯವರು ಸುಮ್ಮನಾಗಲಿಲ್ಲ. 1889ರ ಆಗಸ್ಟ್ 18ರಂದು ಡಾರ್ಟ್‌ಮುಂಡ್ ಬಳಿಯ ಡಾರ್ಸ್ಟ್‌ಫೆಲ್ಡ್‌ನಲ್ಲಿ ಸೇರಿ ಗಣಿಯಾಳುಗಳ ಸಂಘವನ್ನು ಕಟ್ಟಿದರು. ಮುಂದೆ ಅದಕ್ಕೆ ಹಳೆಯ ಸಂಘವೆಂದೇ ಹೆಸರಾಯಿತು. ಆದರೆ ಮೇ ತಿಂಗಳಲ್ಲಿ ಒಟ್ಟಾಗಿ ನಿಂತವರು ಬಹಳ ಕಾಲ ಒಟ್ಟಾಗಿರಲಿಲ್ಲ. ಹಳೆಯ ಸಂಘ ಸಮಾಜವಾದಿಗಳ ಕಡೆಗೆ ವಾಲಿತೆಂದು 1894ರಲ್ಲಿ ಆಗಸ್ಟ್ ಬ್ರುಸ್ಟ್ ಎಂಬ ಗಣಿಯಾಳಿನ ಮುಂದಾಳುತನದಲ್ಲಿ ಕ್ರೈಸ್ತ ಗಣಿಯಾಳುಗಳ ಸಂಘ ಹುಟ್ಟಿತು. ಕಥೋಲಿಕರೂ ಪ್ರೊಟೆಸ್ಟಂಟರೂ ಅದರಲ್ಲಿ ಜೊತೆಯಾಗಿದ್ದದ್ದು ಒಳ್ಳೆಯ ಸಂಗತಿ. ಹಳೆಯ ಸಂಘದವರನ್ನು ವೈರಿಗಳಂತೆ ಕಂಡದ್ದು ಒಳ್ಳೆಯದಾಗಲಿಲ್ಲ.

ಅದರ ಫಲ ಏನಾಯಿತೆಂದು ಶ್ರೋಡರ್ ಅವರನ್ನೇ ಕೇಳಬೇಕು. 1895ರಲ್ಲಿ ಈ ಕ್ರೈಸ್ತ ಸಂಘದ ಒಂದು ಸಭೆಗೆ ಅವರು ಹೋಗಿದ್ದರು. ಪೊಲೀಸಿನವನು ತಮ್ಮನ್ನು ನೂಕಿದನೆಂದು ಹೇಳಿದರು. ಪೊಲೀಸಿನವನು ಅಲ್ಲವೆಂದನು. ನ್ಯಾಯಾಲಯ ಪೊಲೀಸಿನವನ ಮಾತನ್ನು ನಂಬಿ, ಸುಳ್ಳು ಪ್ರಮಾಣ ಮಾಡಿದರೆಂದು ಶ್ರೋಡರ್ ಅವರನ್ನೂ ಅವರ ಜೊತೆಗಾರರನ್ನೂ ಸೆರೆಗೆ ಕಳುಹಿಸಿತು. ಅವರು ನಿರಪರಾಧಿಗಳೆಂದು ತೀರ್ಪಾದದ್ದು 1911ರಲ್ಲಿ, 16 ವರ್ಷಗಳ ಮೇಲೆ. ಚಕ್ರವರ್ತಿಯ ಮುಂದೆ ಹೋಗಿಬಂದ ಇನ್ನೊಬ್ಬರು, ಸೀಗೆಲ್, ದೇಶಬಿಟ್ಟು ಬ್ರಿಟನ್ನಿಗೆ ಹೋಗಬೇಕಾಯಿತು.

1905ರಲ್ಲಿ ಕಥೆ ತಿರುಗಿತು. ರೂರ್ ಸೀಮೆಯಲ್ಲಿ ಮತ್ತೆ ದೊಡ್ಡ ಮುಷ್ಕರ. ಈ ಸಲ ಹಳೆಯ ಸಂಘ, ಕ್ರೈಸ್ತ ಸಂಘ, ಪೋಲಿಷರ ಸಂಘ, ಉದಾರವಾದಿಗಳ ಸಂಘ ನಾಲ್ಕೂ ಒಟ್ಟಾದವು. ಸುಮಾರು ಎರಡು ಲಕ್ಷ ಜನ ಹೊರಗೆ ಬಂದರು. ಮಾಲೀಕರು ಆಗಲೂ ಬಗ್ಗಲಿಲ್ಲ, ಆದರೆ ಸರಕಾರ ಬಗ್ಗಿತು. ಅದೇ ವರ್ಷ ಪ್ರಷ್ಯದ ಗಣಿ ಕಾನೂನನ್ನು ತಿದ್ದಿ, ಬಂಡಿಗೆ ಸೊನ್ನೆ ಹಾಕುವುದನ್ನು ನಿಷೇಧಿಸಿದರು; ದೊಡ್ಡ ಗಣಿಗಳಲ್ಲಿ ಆಳುಗಳು ಆರಿಸಿದ ಸಮಿತಿ ಇರಬೇಕೆಂದು ವಿಧಿಸಿದರು. 1889ರ ಮೇ ತಿಂಗಳಲ್ಲಿ ಮಾಲೀಕರು ಕಾಗದದಿಂದ ಹೊಡೆದುಹಾಕಿದ ಆರಿಸಿದ ಪ್ರತಿನಿಧಿ ಎಂಬ ಮಾತು 16 ವರ್ಷಗಳ ಮೇಲೆ ಕಾನೂನಿನೊಳಗೆ ಬಂತು. 1912ರಲ್ಲಿ ಮತ್ತೆ ಮುಷ್ಕರವಾದಾಗ ಕ್ರೈಸ್ತ ಸಂಘ ಸೇರದೆ ಹೊರಗೆ ನಿಂತಿತು, ಮುಷ್ಕರ ಸೋತಿತು. ಕ್ರಿಸ್ತನ ಹೆಸರಿನಲ್ಲಿ ಕೂಡುವ ನಮ್ಮಂಥವರು ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ಯೋಚಿಸಬೇಕು.

ನಮಗೆ ಇದರಿಂದ ಏನು?

ಆಳಿನದೊಂದು ಪಾಲು, ಯಜಮಾನನದೊಂದು ಪಾಲು ಎಂಬ ಆ ಏರ್ಪಾಡು ನಮಗೆ ಅಪರಿಚಿತವಲ್ಲ. ನಮ್ಮ ದೇಶದಲ್ಲಿ 1952ರಲ್ಲಿ ಭವಿಷ್ಯನಿಧಿಯ ಕಾಯಿದೆ ಬಂತು. ಅದರ ಬೆನ್ನಿಗೆ 1995ರಲ್ಲಿ ಪಿಂಚಣಿ ಯೋಜನೆ. ಪಿ.ಎಫ್. ಎಂಬ ಎರಡಕ್ಷರವನ್ನು ತಿಳಿಯದ ಲೈನು ಮನೆ ಇಲ್ಲ. ಆದರೆ ತನ್ನ ಹೆಸರಿಗೆ ಎಷ್ಟು ತಿಂಗಳ ಹಣ ಬಿದ್ದಿದೆ, ಹೆಸರು ಸರಿಯಾಗಿ ಬರೆದಿದೆಯೇ, ಹುಟ್ಟಿದ ವರ್ಷ ಸರಿಯಿದೆಯೇ, ತಾನು ಸತ್ತರೆ ಹಣ ಯಾರಿಗೆ ಹೋಗಬೇಕೆಂದು ಬರೆಸಿದೆಯೇ ಎಂಬುದನ್ನು ತಿಳಿದವರು ಎಷ್ಟು ಮಂದಿ? ಚೆಕ್‌ರೋಲಿನಲ್ಲಿ ಒಂದು ಹೆಸರು, ನಿಧಿಯ ಲೆಕ್ಕದಲ್ಲಿ ಇನ್ನೊಂದು ಹೆಸರು ಇದ್ದರೆ, ಅರವತ್ತರ ಹೊಸ್ತಿಲಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವ ಪಾಡು ಆ ಮುದುಕಿಗೇ.

ಆದುದರಿಂದ 1889ರ ಜರ್ಮನಿಯಿಂದ ನಾವು ಎರಡನ್ನು ಕಲಿಯೋಣ. ಕಾರ್ಡಿನ ಮೇಲೆ ಬೆರಳಿಟ್ಟು ವಾರವಾರ ಚೀಟಿ ಎಣಿಸಿದ ಆ ಹೊಲದ ಕೂಲಿಯಂತೆ ನಾವೂ ನಮ್ಮ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಓದಿಸಿ ಕೇಳಬೇಕು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರ ಕೈಯಿಂದ ನೋಡಿಸಬೇಕು. ಹೆಂಗಸರು ತಮ್ಮ ಲೆಕ್ಕವನ್ನು ಗಂಡಸರಿಗೆ ಬಿಟ್ಟುಬಿಡದೆ ತಾವೇ ಕೇಳಬೇಕು. ಮದುವೆಗೆ, ತೇರಿಗೆ, ಸಾಲಕ್ಕೆ ಎಂದು ಮುಪ್ಪಿನ ಹಣವನ್ನು ನಡುವೆಯೇ ತೆಗೆದು ಬರಿದುಮಾಡಬಾರದು.

ಎರಡನೆಯದು, ಲೆಕ್ಕ ತಪ್ಪಿದ್ದು ಕಂಡಾಗ ಹೋಗಿ ಕೇಳಲು ನಾಲ್ಕು ಜನ ಜೊತೆಗೆ ಬೇಕು. ಒಬ್ಬಳೇ ಹೋಗಿ ಕೇಳಿದರೆ ನಾಳೆ ಬಾ ಎನ್ನುತ್ತಾರೆ. ಆ ನಾಲ್ಕು ಜನ ಯಾವ ಸಭೆಗೆ ಹೋಗುವವರು, ಮನೆಯಲ್ಲಿ ಕನ್ನಡ ಆಡುವವರೋ ತಮಿಳು ಮಲಯಾಳ ಆಡುವವರೋ, ಯಾವ ಬಣ್ಣದ ಬಾವುಟ ಹಿಡಿಯುವವರು ಎಂದು ನೋಡುತ್ತ ಕೂತರೆ ಬಂಡಿಯ ಮೇಲೆ ಸೊನ್ನೆ ಬೀಳುತ್ತಲೇ ಇರುತ್ತದೆ. ಶ್ರೋಡರ್, ಬುಂಟೆ, ಸೀಗೆಲ್ ಮೂವರೂ ಚಕ್ರವರ್ತಿಯ ಬಾಗಿಲಿಗೆ ಹೋದದ್ದು ತಮ್ಮ ಹೆಸರಿನಲ್ಲಿ ಅಲ್ಲ, ತಮ್ಮನ್ನು ಆರಿಸಿ ಕಳುಹಿಸಿದ ಸಾವಿರಾರು ಜನರ ಹೆಸರಿನಲ್ಲಿ. ಬಾಗಿಲು ತೆರೆದದ್ದೂ ಅದರಿಂದಲೇ.